ಡೋವಿಯ ಕಟ್ಟೆಗೆ ತೇಲಿಬಂದ ಮರ

ಮೊದಲು ಒಂದು ಮಾತು ಮುಗಿಸಿಬಿಡುತ್ತೇನೆ. ಹಿಂದಿನ ಸಲ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ ನಿಮ್ಮಲ್ಲಿ ಯಾರೋ ನಕ್ಕರಂತೆ. ಬೆಳಿಗ್ಗೆ ಏನು ತಿಂದೆ ಅನ್ನುವುದು ಈ ಮುದುಕನಿಗೆ ನೆನಪಿಲ್ಲ, ಮೂವತ್ತು ವರ್ಷದ ಹಿಂದಿನ ಮೀನಿನ ಉದ್ದ ಮಾತ್ರ ಹೇಳುತ್ತಾನೆ ಅಂದಿರಂತೆ. ಬೆಳಿಗ್ಗೆ ತಿಂದದ್ದು ಓಟ್ಸ್ ಗಂಜಿ. ಡಾಕ್ಟರು ಬರೆದುಕೊಟ್ಟದ್ದು, ಉಪ್ಪಿಲ್ಲದ್ದು. ಅದನ್ನು ನೆನಪಿಟ್ಟುಕೊಳ್ಳುವವನಿಗೆ ತಲೆ ಕೆಟ್ಟಿರಬೇಕು. ಟಲೂಸಾ ಹಿನ್ನೀರಿನಲ್ಲಿ ಯಾವ ಮರ ಯಾವ ವರ್ಷ ಬಿತ್ತು, ಬಿದ್ದಾಗ ಅದರ ಬುಡ ಯಾವ ದಿಕ್ಕಿಗಿತ್ತು ಅನ್ನುವುದನ್ನು ಕೇಳಿ, ಈಗಲೇ ಹೇಳುತ್ತೇನೆ. ನಂಬದವರು ಇಲ್ಲಿಗೇ ನಿಲ್ಲಿಸಿ, ಹೋಗಿ ಮನೆ ಮುಂದಿನ ಹುಲ್ಲು ಕತ್ತರಿಸಿಕೊಳ್ಳಿ. ಬೆಳೆದಿದೆ, ನೋಡಿದ್ದೇನೆ.

ಇದು ಆರ್ಬಿ ಟಿಡ್ಮೋರನ ಕತೆ. ಅರ್ಧ ಅವನೇ ಹೇಳಿದ್ದು. ಉಳಿದರ್ಧ ಅವನು ಹೇಳುತ್ತಿದ್ದಾಗ ಡೋವಿ ಕ್ರಂಪ್ಟನ್ ಪಕ್ಕದಲ್ಲೇ ಕೂತು ತಿದ್ದಿದ್ದು.

ಆರ್ಬಿ ನಮ್ಮ ಕಾಲುಚೀಲದ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಹೆಣಿಗೆ ಯಂತ್ರ ರಿಪೇರಿ ಮಾಡಿದವನು. ಅಲಬಾಮಾದ ಆ ಮೂಲೆಯಲ್ಲಿ ಆಗ ಮಿಲ್ಲು ಬಿಟ್ಟರೆ ಚರ್ಚು, ಚರ್ಚು ಬಿಟ್ಟರೆ ಬ್ಯಾಸ್ ಮೀನು. ಭಾನುವಾರ ಚರ್ಚಿಗೂ ಮೀನಿಗೂ ಜಗಳ ಬಂದರೆ ಎಷ್ಟೋ ಜನ ಮೀನಿನ ಕಡೆ ನಿಲ್ಲುತ್ತಿದ್ದರು. ಆ ಮೀನಿನ ಸ್ವಭಾವ ನಿಮಗೆ ಗೊತ್ತಿದೆ. ಬಯಲು ನೀರಿನಲ್ಲಿ ಅಲೆಯುವ ಜಾತಿಯಲ್ಲ. ನೆರಳಿನಲ್ಲಿ ಅಡಗಿ ಕೂತು, ಎದುರಿಗೆ ಬಂದದ್ದನ್ನು ಗಬಕ್ಕನೆ ಬಾಯಿಗೆ ಹಾಕಿಕೊಳ್ಳುವ ಸೋಮಾರಿ. ಅದಕ್ಕೆ ನೀರಿಗೆ ಬಿದ್ದ ಮರ ಬೇಕು. ತಾನಾಗಿ ಬೀಳುವವರೆಗೆ ಕಾಯಲಾರದವರು ತಮ್ಮ ದಡದ ಮರವನ್ನು ತಾವೇ ಬೀಳಿಸುತ್ತಾರೆ. ಪೂರ್ತಿ ಕೊಯ್ಯುವುದಿಲ್ಲ. ಮೂರರಲ್ಲಿ ಎರಡು ಪಾಲು ಕೊಯ್ದು, ಉಳಿದದ್ದನ್ನು ಬಾಗಿಲಿನ ಕೀಲಿನ ಹಾಗೆ ಬಿಡುತ್ತಾರೆ. ಮರ ತನ್ನ ಬುಡವನ್ನು ಹಿಡಿದುಕೊಂಡೇ ನೀರಿಗೆ ಒರಗುತ್ತದೆ. ಆಮೇಲೆ ಬುಡಕ್ಕೂ ಕಾಂಡಕ್ಕೂ ಸೇರಿಸಿ ಉಕ್ಕಿನ ಹಗ್ಗ ಬಿಗಿಯಬೇಕು.

ಬೀಳಿಸಿದವನದೇ ಮರ. ಕಾನೂನಿನಲ್ಲಿ ಹಾಗೇನೂ ಇಲ್ಲ, ನೀರು ಎಲ್ಲರದು. ಆದರೆ ಅವನು ಕರೆಯದೆ ಅವನ ಮರಕ್ಕೆ ಗಾಳ ಎಸೆದವನನ್ನು ಎರೆ ಮಾರುವ ಅಂಗಡಿಯಲ್ಲಿ ಯಾರೂ ಮಾತನಾಡಿಸುವುದಿಲ್ಲ.

ಆರ್ಬಿಯ ಮರ ಒಂದು ಸಿಕಮೋರ್. ಬಿಳಿ ತೊಗಟೆಯದು, ಎರಡಾಳು ತಬ್ಬುವಷ್ಟು ದಪ್ಪ. ಅದನ್ನು ಅವನೂ ಅವನ ಹೆಂಡತಿ ವೆಸ್ಟಾಳೂ ಸೇರಿ ಒಂದು ಅಕ್ಟೋಬರಿನಲ್ಲಿ ಬೀಳಿಸಿದ್ದರು. ಅವನು ದಡದಲ್ಲಿ ಗರಗಸದ ಮಿಷಿನ್ ಹಿಡಿದಿದ್ದ, ಅವಳು ದೋಣಿಯಲ್ಲಿ ನಿಂತು ಯಾವ ಕಡೆ ಬೀಳಬೇಕೆಂದು ಕೈ ತೋರಿಸುತ್ತಿದ್ದಳು. ಮರ ಅವಳು ತೋರಿಸಿದ ಕಡೆಗೇ ಬಿತ್ತು, ಅವಳು ಅಂದುಕೊಂಡದ್ದಕ್ಕಿಂತ ಹತ್ತಡಿ ಹತ್ತಿರಕ್ಕೆ ಬಿತ್ತು. ನೆತ್ತಿಯಿಂದ ಕಾಲಿನವರೆಗೆ ನೆನೆದುಹೋದಳು. ಬೈಯುತ್ತಾಳೆ ಎಂದು ಆರ್ಬಿ ಕಾದರೆ, ಅವಳು ದೋಣಿಯಲ್ಲಿ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಕ್ಕಿನ ಹಗ್ಗ ನಾಳೆ ಕಟ್ಟಿದರಾಯಿತು ಅಂದುಕೊಂಡರು. ಮರುವಾರ ಅವಳ ರಕ್ತಪರೀಕ್ಷೆಯ ಕಾಗದ ಬಂತು, ಕ್ರಿಸ್‌ಮಸ್ಸಿಗೆ ಅವಳಿರಲಿಲ್ಲ. ಹಗ್ಗ ಯಾರಿಗೆ ನೆನಪಿರುತ್ತದೆ?

ಆಮೇಲೆ ಮೂರು ವರ್ಷ ಆರ್ಬಿ ಬೇರೆ ಯಾವ ಮರಕ್ಕೂ ಗಾಳ ಎಸೆಯಲಿಲ್ಲ. ಹಿಡಿದದ್ದನ್ನು ಅಲ್ಲೇ ಬಿಡುತ್ತಿದ್ದ. ಮನೆಯಲ್ಲಿ ಅವನಿಗೆ ಉಸಿರುಕಟ್ಟುತ್ತಿತ್ತು, ಆ ಮರದ ಹತ್ತಿರ ಕಟ್ಟುತ್ತಿರಲಿಲ್ಲ. ಅಷ್ಟೇ. ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ, ನಾನೂ ಸೇರಿಸುವುದಿಲ್ಲ.

ನಾಲ್ಕನೆಯ ವರ್ಷ ಮಾರ್ಚಿನಲ್ಲಿ ನೆರೆ ಬಂತು. ನೀರು ಆರಡಿ ಏರಿತು. ಬೆಳಿಗ್ಗೆ ಆರ್ಬಿ ದಡಕ್ಕೆ ಹೋಗಿ ನೋಡಿದರೆ ಸೀಳಿದ ಬುಡವಿದೆ, ಮರವಿಲ್ಲ. ಎರಡು ದಿನ ದೋಣಿಯಲ್ಲಿ ಹುಡುಕಿದ. ಅರ್ಧ ಮೈಲಿ ಕೆಳಗೆ, ಒಂದು ಕೊಲ್ಲಿಯ ಮೂಲೆಯಲ್ಲಿ, ಮರ ಹಿಂದುಮುಂದಾಗಿ ನಿಂತಿತ್ತು. ಮೊದಲು ದಡದ ಕಡೆಗಿದ್ದ ಬೊಡ್ಡೆ ಈಗ ಆಳಕ್ಕೆ ಚಾಚಿತ್ತು. ಆಳದಲ್ಲಿದ್ದ ತಲೆ ಈಗ ದಡಕ್ಕೆ ಬಂದು, ಯಾರದೋ ಹಲಗೆಯ ದೋಣಿಕಟ್ಟೆಯ ಕಂಬಗಳಿಗೆ ಕೊಂಬೆ ತೂರಿಸಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು.

ಅಷ್ಟರಲ್ಲಿ ಎರೆ ಅಂಗಡಿಯಲ್ಲಿ ಪಂಚಾಯಿತಿ ಮುಗಿದಿತ್ತು.

"ಮರ ಬುಡದ ಜೊತೆ ಇರೋವರ್ಗೂ ನಿಂದಪ್ಪ, ಆರ್ಬಿ," ಎಂದ ಅಂಗಡಿಯವನು. "ಬುಡ ಬಿಟ್ಟು ಓಡೋದ್ಮೇಲೆ ಊರಿಂದು."

"ನಮ್ಮನೆ ನಾಯಿ ಓಡೋದ್ರೆ ಊರ್ ನಾಯಿ ಆಗ್ಬಿಡುತ್ತಾ?"

"ನಾಯಿಗೆ ಕೊರಳಲ್ಲಿ ಪಟ್ಟಿ ಇರುತ್ತೆ. ನಿನ್ ಮರಕ್ಕೆ ಹಗ್ಗಾನೂ ಕಟ್ಟಿರ್ಲಿಲ್ವಲ್ಲೋ."

ಆರ್ಬಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದ.

ಪಂಚಾಯಿತಿಯ ತೀರ್ಮಾನ ಆದದ್ದೇ ತಡ, ದಿನಕ್ಕೆ ಏಳೆಂಟು ದೋಣಿ ಆ ಕೊಲ್ಲಿಗೆ ಬರತೊಡಗಿದವು. ಆ ದೋಣಿಕಟ್ಟೆ ಡೋವಿ ಕ್ರಂಪ್ಟನ್ನಳದು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಗಂಡ ಸತ್ತು ಒಂಬತ್ತು ವರ್ಷವಾಗಿತ್ತು. ಕನ್ನಡಿಯಲ್ಲಿ ಹಿಂದಿನ ಸೀಟಿನ ತುಂಟರನ್ನು ನೋಡಿ ನೋಡಿ ಅವಳಿಗೊಂದು ನೋಟ ಬಂದಿತ್ತು. ಆ ನೋಟಕ್ಕೆ ಸಿಕ್ಕವನು ತಾನು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಿದ್ದ.

ಆರ್ಬಿ ಮೊದಲ ದಿನ ಹೋದಾಗ ಬೆಳಿಗ್ಗೆ ಆರೂ ಕಾಲು. ಉಳಿದವರು ಆಳದ ಕಡೆಯಿಂದ ಬೊಡ್ಡೆಗೆ ಎಸೆದು ಹೋಗುತ್ತಿದ್ದರು. ಆರ್ಬಿ ಹಾಗೆ ಮಾಡಲಿಲ್ಲ. ಅವನು ಯಾವಾಗಲೂ ಮರದ ತಲೆಯ ಕಡೆ ದೋಣಿ ನಿಲ್ಲಿಸಿ, ಕೊಂಬೆಗಳ ನಡುವಿನಿಂದ ಒಳಗೆ, ದೊಡ್ಡ ಕವಲಿಗೆ ಎಸೆಯುವವನು. ಮೂರು ವರ್ಷ ಒಳ್ಳೊಳ್ಳೆಯ ಮೀನು ಸಿಕ್ಕದ್ದೆಲ್ಲ ಆ ಕವಲಿನಲ್ಲೇ. ಈಗ ತಲೆ ದಡಕ್ಕೆ ಬಂದಿತ್ತು. ಅದಕ್ಕೇ ಕೊಂಬೆಗೂ ಕಟ್ಟೆಗೂ ನಡುವೆ ಒಂದು ದೋಣಿ ಹಿಡಿಸುವಷ್ಟು ಇದ್ದ ಸಂದಿಯಲ್ಲಿ ಬ್ಯಾಟರಿ ಮೋಟಾರು ಸದ್ದಿಲ್ಲದೆ ತಿರುಗಿಸಿಕೊಂಡು ನುಸುಳಿ, ಕಟ್ಟೆಗೆ ಬೆನ್ನು ಮಾಡಿ ನಿಂತು ಎಸೆದ. ಮರ ತಿರುಗಿದ್ದು ಅವನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಬೆನ್ನ ಹಿಂದೆ ಹಲಗೆ ಕಿರುಗುಟ್ಟಿತು. ಡೋವಿ ರಬ್ಬರ್ ಬೂಟು ಹಾಕಿಕೊಂಡು, ತೋಟಕ್ಕೆ ನೀರು ಬಿಡುವ ಪೈಪು ಹಿಡಿದು ನಿಂತಿದ್ದಳು.

"ಏನ್ರೀ, ನಿಮ್ಮನೇಲಿ ಅಡುಗೆಮನೆಗೆ ಕಿಟಕಿ ಇದ್ಯಾ?"

"ಇದೆ ಅಮ್ಮಾವ್ರೇ."

"ಬೆಳಿಗ್ಗೆ ಆರು ಗಂಟೆಗೆ ನಾನು ಅದರ ಮುಂದೆ ಬಂದು ನಿಂತ್ಕೊಂಡ್ರೆ ಹೆಂಗಿರುತ್ತೆ?"

ಆರ್ಬಿ ಯೋಚಿಸಿಯೇ ಹೇಳಿದ, "ಕಾಫಿ ಕೊಡ್ತಿದ್ದೆ."

ಆಗ ಪೈಪಿನಿಂದ ನೀರು ಬಂತು. ಏಪ್ರಿಲಿನ ನೀರು, ಮೂಳೆಗೆ ಇಳಿಯುವಷ್ಟು ತಣ್ಣಗಿತ್ತು. ಅವನು ಟೋಪಿ ತೆಗೆದು ಹಿಂಡಿ, ಮತ್ತೆ ಹಾಕಿಕೊಂಡು, "ಬೆಳಿಗ್ಗೆ ಸ್ನಾನ ಆಗಿತ್ತು ಅಮ್ಮಾವ್ರೇ," ಎಂದು ಹೇಳಿ ಮತ್ತೊಮ್ಮೆ ಕವಲಿಗೆ ಎಸೆದ. ಇದು ಡೋವಿಗೆ ಹೊಸದು. ಉಳಿದವರೆಲ್ಲ ಒಂದೇ ಹನಿಗೆ ಓಡಿಹೋಗಿದ್ದರು.

ಅವಳ ಸಿಟ್ಟಿಗೆ ಕಾರಣವಿತ್ತು. ಕಟ್ಟೆಗೆ ಸಿಕ್ಕಿ ಉಳಿದ ಗಾಳಗಳನ್ನೆಲ್ಲ ಅವಳು ಒಂದು ಕಾಫಿ ಡಬ್ಬಿಯಲ್ಲಿ ತುಂಬಿಟ್ಟಿದ್ದಳು, ನಲವತ್ತೊಂದು. ಕಟ್ಟೆಯ ಕಟಾಂಜನದ ಮೇಲೆ ಒಣಗಲು ಹಾಕಿದ್ದ ಅವಳ ಒಳಲಂಗ ಒಬ್ಬನ ಗಾಳಕ್ಕೆ ಸಿಕ್ಕಿತ್ತು. ಅವನು ದೊಡ್ಡ ಮೀನೆಂದುಕೊಂಡು ಅದನ್ನು ಅರ್ಧ ಕೊಲ್ಲಿಯವರೆಗೆ ಎಳೆದುಕೊಂಡು ಹೋಗಿದ್ದ. ಜೂನಿನಲ್ಲಿ ಮೊಮ್ಮಕ್ಕಳು ಬಂದು ಕಟ್ಟೆಯಿಂದ ನೀರಿಗೆ ಹಾರಬೇಕು, ಹಾರುವ ಜಾಗದಲ್ಲೇ ಕೊಂಬೆಗಳು ಚುಚ್ಚಿಕೊಂಡು ನಿಂತಿವೆ. ಇಷ್ಟು ಸಾಲದೆಂದು ಇನ್ನು ಹಾವೂ ಬರುತ್ತವೆ ಎಂದು ಅವಳ ಅಕ್ಕನ ಮಗ ಹಾಸ್ಕೆಲ್ ಹೆದರಿಸಿದ್ದ. ಕೆಟ್ಟು ನಿಂತ ಗಾಡಿಗಳನ್ನು ಎಳೆದೊಯ್ಯುವ ವಿಂಚ್ ಲಾರಿ ಅವನದು. ಏನನ್ನಾದರೂ ಎಳೆಯುವುದೆಂದರೆ ಅವನಿಗೆ ಹಬ್ಬ.

ಆರ್ಬಿ ದಿನಾ ಹೋದ. ಅವಳು ಮೂರು ದಿನ ಪೈಪು ತಂದಳು, ನಾಲ್ಕನೆಯ ದಿನ ತರಲಿಲ್ಲ. ಕಟ್ಟೆಯ ಕೊನೆಯಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತ ಅವನನ್ನು ನೋಡುತ್ತಿದ್ದಳು. ಅವನು ಏನನ್ನೂ ಹಿಡಿಯಲಿಲ್ಲ. ಮೂರು ವಾರ, ಒಂದು ಮೀನಿಲ್ಲ.

ಒಂದು ಸೋಮವಾರ ಅವಳು ಹೇಳಿದಳು, "ಶನಿವಾರ ಹನ್ನೆರಡು ಗಂಟೆಗೆ ಹಾಸ್ಕೆಲ್ ಬರ್ತಾನೆ. ಮರಾನ ದಡಕ್ಕೆ ಎಳ್ದು, ಕುಯ್ದು, ಸೌದೆ ಮಾಡ್ತಾನೆ."

ಆರ್ಬಿಯ ಕೈ ದಾರ ಸುತ್ತುವ ರೀಲಿನ ಮೇಲೆ ನಿಂತಿತು. "ಬೇಡಿ," ಎಂದ.

"ಯಾಕೆ ಬೇಡ?"

"ಮೀನಿರುತ್ತೆ ಇದರಲ್ಲಿ."

"ಎಲ್ಲಿದೆ? ಮೂರು ವಾರದಿಂದ ನೋಡ್ತಿದೀನಿ, ನಿಮಗೆ ಒಂದು ಕಪ್ಪೇನೂ ಸಿಕ್ಕಿಲ್ಲ."

"ಸಿಗುತ್ತೆ."

"ಆಯ್ತು. ಶನಿವಾರ ಹನ್ನೆರಡರೊಳಗೆ ಈ ಮರದಿಂದ ಒಂದೇ ಒಂದು ಮೀನು ಹಿಡ್ದು ತೋರ್ಸಿ. ಹಾಸ್ಕೆಲ್‌ನ ವಾಪಸ್ ಕಳಿಸ್ತೀನಿ, ಮರ ಇಲ್ಲೇ ಇರ್ಲಿ. ತೋರಿಸ್ದೆ ಹೋದ್ರೆ ಇನ್ನೊಂದು ಸಲ ಈ ಕಡೆ ದೋಣಿ ತಿರುಗಿಸ್ಬೇಡಿ."

ಆರ್ಬಿ ತಲೆಯಾಡಿಸಿದ. ಮೂವತ್ತೆಂಟು ವರ್ಷ ಯಂತ್ರ ರಿಪೇರಿ ಮಾಡಿದವನಿಗೆ ಐದು ದಿನ ಕಡಿಮೆಯೇನಲ್ಲ ಅನ್ನಿಸಿತ್ತು.

ಮಂಗಳವಾರ ನೇರಳೆ ಬಣ್ಣದ ರಬ್ಬರ್ ಹುಳು. ಬುಧವಾರ ಕಪ್ಪು ಹುಳು, ಆಮೇಲೆ ಸಣ್ಣ ತವರದ ಮೀನು. ಗುರುವಾರ ನಿಜವಾದ ಎರೆಹುಳವನ್ನೇ ತಂದ. ನಮ್ಮಲ್ಲಿ ಗಡ್ಡ ಬಂದ ಗಂಡಸು ಬ್ಯಾಸಿಗೆ ಎರೆಹುಳು ತಂದರೆ ನಾಚಿಕೆಗೇಡು, ಡಬ್ಬಿಯನ್ನು ಕಾಲಿನ ಹಿಂದೆ ಮುಚ್ಚಿಟ್ಟುಕೊಂಡಿದ್ದ. ಎಸೆದದ್ದೆಲ್ಲ ಕವಲಿಗೇ. ಕವಲು ಈಗ ಮಗ್ಗುಲಾಗಿ ಬಿದ್ದು, ಹೊಟ್ಟೆಯ ಭಾಗ ನೀರಿನಿಂದ ಮೇಲೆದ್ದು ಬಿಸಿಲು ಕಾಯುತ್ತಿತ್ತು. ಅದರ ಮೇಲೆ ಆಮೆಗಳು ಸಾಲಾಗಿ ಕೂತಿದ್ದವು.

ಡೋವಿ ಕೇಳಿದಳು, "ಈ ನೀರಲ್ಲಿ ಬಿದ್ದಿರೋ ಮರ ಸಾವಿರ ಇದೆ. ಇದೇ ಯಾಕೆ?"

ಅವನು ದಾರ ಪೂರ್ತಿ ಸುತ್ತಿಕೊಂಡ. "ನಾನೂ ನಮ್ಮನೆಯವ್ಳೂ ಬೀಳ್ಸಿದ್ದು. ಜೊತೇಲಿ ಮಾಡಿದ ಕೊನೇ ಕೆಲ್ಸ."

ಡೋವಿ ಕಾಫಿ ಬಟ್ಟಲಿನೊಳಗೆ ನೋಡಿದಳು. "ನಮ್ಮನೆಯವ್ರು ಕೊನೇದಾಗಿ ಮಾಡಿದ್ದು ಈ ಕಟ್ಟೆ," ಎಂದಳು. "ನಿಮ್ ಮರ ಅದರ ಎರಡು ಕಂಬ ಅಲುಗಾಡಿಸ್ಬಿಟ್ಟಿದೆ."

"ಕಂಬ ನಾನು ಸರಿ ಮಾಡ್ಕೊಡ್ತೀನಿ."

"ನಾನು ಕೇಳ್ಲಿಲ್ಲ. ಶನಿವಾರ ಅಂದ್ರೆ ಶನಿವಾರಾನೇ."

ಶುಕ್ರವಾರ ಗಾಳಿ ಬೀಸಿತು, ಏನೂ ಸಿಗಲಿಲ್ಲ.

ಶನಿವಾರ ಬೆಳಕು ಹರಿಯುವಾಗಲೇ ಆರ್ಬಿ ಸಂದಿಯೊಳಗೆ ದೋಣಿ ತಂದು ನಿಲ್ಲಿಸಿದ್ದ. ಹತ್ತೂವರೆಗೆ ಹಾಸ್ಕೆಲ್ ಬಂದ. ಲಾರಿಯ ಹಿಂಭಾಗವನ್ನು ನೀರಿನ ಅಂಚಿನವರೆಗೆ ತಂದು ನಿಲ್ಲಿಸಿ, ಮರದ ಕತ್ತಿಗೆ ತಂತಿಹಗ್ಗ ಸುತ್ತಿ ಕೊಕ್ಕೆ ಹಾಕಿದ. ಕೆಲಸ ಇನ್ನೂ ಶುರುವಾಗದಿದ್ದರೂ ಕೂಲಿ ತೆಗೆದುಕೊಳ್ಳುವಂತೆ, ಡೋವಿ ಕರಿದಿಟ್ಟಿದ್ದ ಪೀಚ್ ಹಣ್ಣಿನ ಕಡುಬು ಒಂದೊಂದೇ ಎತ್ತಿಕೊಂಡು ತಿನ್ನತೊಡಗಿದ.

"ಟಿಡ್ಮೋರ್ ಮಾವ, ಏನಾದ್ರೂ ಕಚ್ತಾ?"

"ನೀನು ಕಚ್ತಿದೀಯಲ್ಲ, ಸಾಕು."

ಹನ್ನೊಂದಾಯಿತು. ಆರ್ಬಿ ಕವಲಿಗೆ ಎಸೆದ, ಎಳೆದ, ಎಸೆದ. ಅವನ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಹನ್ನೊಂದೂ ಕಾಲು. ಒಂದು ಆಮೆ ಕತ್ತು ಚಾಚಿ ಅವನನ್ನು ನೋಡಿ, ಮತ್ತೆ ಒಳಗೆಳೆದುಕೊಂಡಿತು.

ಡೋವಿ ಕುರ್ಚಿಯಿಂದ ಎದ್ದಳು. ಅವಳು ಗೆಲ್ಲುತ್ತಿದ್ದಳು, ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಕಣ್ಣೆದುರಿಗೆ ಒಬ್ಬ ಮನುಷ್ಯ ಒಂದೇ ತಪ್ಪನ್ನು ಮೂರು ವಾರ ಮಾಡುವುದನ್ನು ಅವಳಿಂದ ಸಹಿಸಲಾಗಲಿಲ್ಲ.

"ಯಾಕ್ರೀ ಅಲ್ಲಿಗೇ ಎಸೀತೀರಾ?"

"ಅಲ್ಲಿ ಕವಲಿದೆ. ಮೀನು ಕವಲಲ್ಲಿರುತ್ತೆ."

"ಯಾವ ಮೀನು?"

"ಈ ಮರದ ಮೀನು."

"ಆ ಮೀನು ನಿಮ್ಮನೇ ಮುಂದೇನೇ ಉಳ್ಕೊಳ್ತು ಕಣ್ರೀ. ಅದೇನು ಮರದ ಜೊತೆ ಸಾಮಾನು ಕಟ್ಕೊಂಡು ಬರುತ್ತಾ? ಇಲ್ಲಿರೋದು ಬೇರೆ. ಹತ್ತು ದಿನದಿಂದ ನೋಡ್ತಿದೀನಿ, ನನ್ ಮೊಣಕೈ ಉದ್ದ ಇದೆ. ನೀವು ಬಂದ್ರೆ ಹೋಗುತ್ತೆ, ನೀವು ಹೋದ ತಕ್ಷಣ ಬರುತ್ತೆ. ಅದರ ಮನೆ ನಿಮ್ ಅಂಡಿನ ಕೆಳಗಿದೆ."

ಹಾಸ್ಕೆಲ್ ಬಾಯಲ್ಲಿದ್ದ ಕಡುಬು ನುಂಗಲು ಮರೆತ. ಆರ್ಬಿ ನಿಧಾನವಾಗಿ ತಲೆ ತಗ್ಗಿಸಿ ತಾನು ಕೂತ ಜಾಗವನ್ನು ನೋಡಿಕೊಂಡ. ಅಲ್ಲಿಂದ ಬಿಸಿಲಿನ ಹೊಳಪು ಬಿಟ್ಟರೆ ನೀರಿನೊಳಗೆ ಏನೂ ಕಾಣಿಸಲಿಲ್ಲ. ಬೇಸಾಯಗಾರನಿಗೆ ಹೊಲ ಗೊತ್ತಿರುವಂತೆ ಅವನಿಗೆ ಈ ವಿಷಯ ಗೊತ್ತಿತ್ತು: ಏಪ್ರಿಲಿನಲ್ಲಿ ಬ್ಯಾಸ್ ಆಳದಲ್ಲಿರುವುದಿಲ್ಲ, ದಡದ ಆಳವಿಲ್ಲದ ನೀರಿಗೆ ಬಂದು ಮರದ ಪಕ್ಕದಲ್ಲಿ ಗೂಡು ಮಾಡುತ್ತದೆ. ಇಪ್ಪತ್ತು ಜನಕ್ಕೆ ಅವನೇ ಹೇಳಿಕೊಟ್ಟ ಪಾಠ. ಆ ಗೂಡಿನ ಮೇಲೇ ದಿನಾ ದೋಣಿ ನಿಲ್ಲಿಸಿ, ಅದಕ್ಕೆ ಬೆನ್ನು ಹಾಕಿ, ಆಮೆಗಳ ಕಡೆಗೆ ಎಸೆಯುತ್ತ ಕೂತಿದ್ದ.

"ಬನ್ನಿ ಮೇಲೆ," ಎಂದಳು ಡೋವಿ. "ನಾನು ಕೂರೋ ಜಾಗದಿಂದ ನೋಡಿ."

ಅವನು ದೋಣಿಯನ್ನು ಸಂದಿಯಿಂದ ಹೊರಗೆ ತಂದು, ಆಚೆ ಕಟ್ಟಿ, ಗಾಳದ ಕೋಲು ಹಿಡಿದು ಮೊದಲ ಸಲ ಅವಳ ಕಟ್ಟೆ ಹತ್ತಿದ. ಹಲಗೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಟೋಪಿಯನ್ನು ಕಣ್ಣಿಗೆ ಮರೆಮಾಡಿ ಇಣುಕಿದ. ಕಟ್ಟೆಯ ನೆರಳು ಬಿದ್ದ ಕಡೆ ನೀರು ಗಾಜಿನ ಹಾಗಿತ್ತು. ಸಿಕಮೋರಿನ ಒಂದು ಬಿಳಿ ಕೊಂಬೆಯ ಪಕ್ಕದಲ್ಲಿ, ಮೂರಡಿ ಕೆಳಗೆ, ಗುಡಿಸಿದ ಹಾಗೆ ತಟ್ಟೆಯಗಲದ ಚೊಕ್ಕ ಜಾಗ. ಐದು ನಿಮಿಷವಾಯಿತು. ಆಮೇಲೆ ಕೊಂಬೆಯ ಅಡಿಯಿಂದ ಅದು ಬಂತು. ಹಸಿರು ಬೆನ್ನು, ಪಕ್ಕೆಯ ಮೇಲೆ ಕಪ್ಪು ಪಟ್ಟಿ. ಗೂಡಿನ ಸುತ್ತ ಒಂದು ಸುತ್ತು ಹಾಕಿ ನಿಂತಿತು.

"ಹುಚ್ಚು ಹಿಡ್ದಿರ್ಬೇಕು ಅದಕ್ಕೆ. ದಿನವೆಲ್ಲ ಹಿಂಗೇ ಸುತ್ತುತ್ತೆ," ಎಂದು ಪಿಸುಗುಟ್ಟಿದಳು ಡೋವಿ. ಅವಳೂ ಪಕ್ಕದಲ್ಲಿ ಮಂಡಿಯೂರಿದ್ದಳು.

"ಹನ್ನೊಂದೂ ಮೂವತ್ತೈದು," ಎಂದು ದಡದಿಂದ ಕೂಗಿದ ಹಾಸ್ಕೆಲ್.

ಆರ್ಬಿ ಕಪ್ಪು ಹುಳುವನ್ನು ಎಸೆಯಲಿಲ್ಲ, ಕೋಲಿನ ತುದಿಯಿಂದ ನೇರ ಕೆಳಗಿಳಿಸಿದ. ಅದು ಗೂಡಿನ ನಡುವೆ ಹೋಗಿ ಕೂತಿತು. ಮೀನು ತಿರುಗಿ ನೋಡಿತು. ಒಂದು ಕ್ಷಣ ಅಷ್ಟೇ, ಬಂದು ಹುಳುವನ್ನು ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೊರಗೆ ಹೊರಟಿತು. ದಾರ ನೀರಿನ ಮೇಲೆ ಪಕ್ಕಕ್ಕೆ ಸರಿಯಿತು. ಕೋಲಿನ ಮೂಲಕ ಅದರ ತೂಕ ಆರ್ಬಿಯ ಮಣಿಕಟ್ಟಿಗೆ ಬಂತು. ಮೂರು ವಾರದ ತಪಸ್ಸಿನ ತೂಕ. ಈಗ ಒಂದು ಎಳೆತ ಎಳೆದರೆ ಮರ ಉಳಿಯುತ್ತದೆ.

"ಎಳಿ ಮಾವ, ಎಳಿ," ಎಂದ ಹಾಸ್ಕೆಲ್. ಅವನು ಯಾರ ಕಡೆಯವನೆಂಬುದು ಅವನಿಗೇ ಮರೆತುಹೋಗಿತ್ತು.

ಆಗ ಆರ್ಬಿಗೆ ಕಂಡದ್ದು, ಮೀನು ಬಿಟ್ಟುಹೋದ ಜಾಗದಲ್ಲಿ ಒಂದು ಕಪ್ಪು ಹೊಗೆ. ಹೊಗೆ ಅಲುಗಾಡಿತು. ಅದು ಮರಿಗಳು. ಅಕ್ಕಿ ಕಾಳಿಗಿಂತ ಸಣ್ಣವು, ಸಾವಿರಗಟ್ಟಲೆ, ಒಂದೇ ಗುಂಪಾಗಿ ನಡುಗುತ್ತಿದ್ದವು. ಕೊಂಬೆಯ ಆಚೆ ಅಂಗೈಯಗಲದ ನಾಲ್ಕು ಚಪ್ಪಟೆ ಮೀನು ಆಗಲೇ ಮೂತಿ ಈ ಕಡೆ ತಿರುಗಿಸಿದ್ದವು.

ಆರ್ಬಿ ಕೋಲನ್ನು ಕೆಳಗಿಳಿಸಿ ದಾರ ಸಡಿಲ ಬಿಟ್ಟ. ಬ್ಯಾಸ್ ನಾಲ್ಕಡಿ ದೂರ ಹೋಗಿ, ಕಸ ಉಗುಳುವ ಹಾಗೆ ಹುಳುವನ್ನು ಉಗುಳಿ, ಬಾಣದಂತೆ ಹಿಂದಕ್ಕೆ ಬಂತು. ಚಪ್ಪಟೆ ಮೀನುಗಳು ಚೆಲ್ಲಾಪಿಲ್ಲಿಯಾದವು.

"ಯಾಕ್ರೀ ಬಿಟ್ರಿ?" ಡೋವಿಯ ದನಿ ಏರಿತು. "ಬಾಯಲ್ಲಿತ್ತಲ್ರೀ, ನಾನೇ ನೋಡ್ದೆ."

"ಮರಿ ಇದೆ. ಅಲ್ನೋಡಿ, ಹೊಗೆ ಥರ. ಇದು ಗಂಡು. ಹೆಣ್ಣು ಮೊಟ್ಟೆ ಇಟ್ಟು ಯಾವತ್ತೋ ಹೊರಟೋಯ್ತು. ಇವನು ಊಟ ತಿಂಡಿ ಬಿಟ್ಟು ಕಾಯ್ತಿದಾನೆ. ಹುಳು ಎತ್ಕೊಂಡಿದ್ದು ತಿನ್ನಕ್ಕಲ್ಲ, ಮನೆಯಿಂದ ಆಚೆ ಹಾಕಕ್ಕೆ. ಇವನ್ನ ನಾನು ಮೇಲೆತ್ತಿ ನಿಮಗೆ ತೋರ್ಸಿ ಬಿಡೋ ಅಷ್ಟರಲ್ಲಿ ಆ ನಾಲ್ಕು ಕಳ್ರು ಸೇರ್ಕೊಂಡು ಒಂದು ಮರೀನೂ ಉಳಿಸಲ್ಲ."

"ಹೆಣ್ಣು ಹೊರಟೋಯ್ತು, ಗಂಡು ಮಕ್ಕಳನ್ನ ನೋಡ್ಕೊಳ್ತಿದಾನೆ," ಎಂದಳು ಡೋವಿ. "ಅರವತ್ತೆರಡು ವರ್ಷ ಈ ಊರಲ್ಲಿದೀನಿ, ಇಂಥ ಗಂಡು ನೋಡಿದ್ದು ಇದೇ ಮೊದ್ಲು."

ಆರ್ಬಿ ಎದ್ದು ಕೂತ. ಮಂಡಿ ನೋಯುತ್ತಿತ್ತು. ದಾರ ಸುತ್ತಿ, ಗಾಳವನ್ನು ಕೋಲಿನ ಉಂಗುರಕ್ಕೆ ಸಿಕ್ಕಿಸಿದ. "ಹಿಡ್ದು ತೋರ್ಸಿ ಅಂದಿದ್ರಿ. ಹಿಡೀಲಿಲ್ಲ. ಮಾತು ಮಾತೇ. ಆದ್ರೆ ಒಂದು ಕೇಳ್ಕೊಳ್ತೀನಿ, ಮರ ಇವತ್ತು ಎಳೀಬೇಡಿ. ಎರಡು ವಾರ ತಡೀರಿ, ಮರಿಗಳು ಚದುರಿ ಹೋಗ್ತವೆ. ಆಮೇಲೆ ಸೌದೆ ಮಾಡ್ಕೊಳ್ಳಿ, ನಾನು ಈ ಕಡೆ ಬರಲ್ಲ."

ಇದನ್ನು ಅವನು ನನಗೆ ಹೇಳಿದಾಗ ನಾನು ಕೇಳಿದೆ, ವೆಸ್ಟಾಳ ಮರ ಸೌದೆಯಾಗಲಿ ಎಂದು ನಿನ್ನ ಬಾಯಿಂದ ಹೇಗೆ ಬಂತೋ ಎಂದು. ಅವನು, ಆ ಹೊತ್ತಿಗೆ ಅದು ವೆಸ್ಟಾಳ ಮರ ಅನ್ನಿಸಲಿಲ್ಲ, ಆ ಮೀನಿನ ಮನೆ ಅನ್ನಿಸಿತು ಎಂದ. ಹಾಗೆ ಅನ್ನಿಸಿದ್ದಕ್ಕೆ ದುಃಖವಾಗುತ್ತದೆ ಅಂದುಕೊಂಡಿದ್ದನಂತೆ, ಆಗಲಿಲ್ಲವಂತೆ.

"ಹನ್ನೆರಡು," ಎಂದ ಹಾಸ್ಕೆಲ್. "ಚಿಕ್ಕಮ್ಮ, ಹೇಳು. ವಿಂಚ್ ಹಾಕ್ಲಾ?"

ಡೋವಿ ಇನ್ನೂ ನೀರಿನೊಳಗೇ ನೋಡುತ್ತಿದ್ದಳು. ಮೂವತ್ತೊಂದು ವರ್ಷ ಅವಳು ರಸ್ತೆ ದಾಟಿಸಿದ ಮಕ್ಕಳನ್ನು ಲೆಕ್ಕ ಹಾಕಿದರೆ ಈ ಹೊಗೆಯಷ್ಟೇ ಆಗುತ್ತಿದ್ದರು. ಕೊನೆಯ ಮಗು ತನ್ನ ಮನೆಯ ಬೇಲಿ ದಾಟುವವರೆಗೆ ಅವಳು ಬಸ್ಸಿನ ಗೇರು ಹಾಕಿದವಳಲ್ಲ. ಹಿಂದೆ ಎಷ್ಟು ಗಾಡಿ ಸಾಲುಗಟ್ಟಿ ಹಾರ್ನ್ ಹೊಡೆದರೂ ಹಾಕಿದವಳಲ್ಲ.

"ಕೊಕ್ಕೆ ಬಿಚ್ಚೋ," ಎಂದಳು.

"ಅಷ್ಟು ದೂರದಿಂದ ಬಂದಿದೀನಿ ಚಿಕ್ಕಮ್ಮ."

"ಒಂಬತ್ತು ಕಡುಬು ತಿಂದಿದೀಯ, ಲೆಕ್ಕ ಇಟ್ಟಿದೀನಿ. ಬಿಚ್ಚು. ನಿಧಾನಕ್ಕೆ, ಕೊಂಬೆ ಅಲ್ಲಾಡಿಸ್ಬೇಡ."

ಆಮೇಲೆ ಆರ್ಬಿಯ ಕಡೆ ತಿರುಗಿದಳು. ಕನ್ನಡಿಯಲ್ಲಿ ನೋಡುವ ಆ ನೋಟ. "ನೀವು ಹಿಡೀಲಿಲ್ಲ, ಅದು ನಿಜ. ಆದ್ರೆ ಮೀನಿಲ್ಲ ಅಂತ ಅಂದಿದ್ದು ನಾನು, ಇರೋದನ್ನ ತೋರ್ಸಿದ್ದೂ ನಾನೇ. ಈ ಪಂದ್ಯದಲ್ಲಿ ಗೆದ್ದೋರು ಯಾರು ಅಂತ ನಂಗೂ ಗೊತ್ತಾಗ್ತಿಲ್ಲ. ಮರ ಇರ್ಲಿ."

"ಎರಡು ವಾರ?"

"ಇರ್ಲಿ ಅಂದೆ. ಕಿವಿ ಕೇಳ್ಸಲ್ವಾ? ಕಣ್ಣಂತೂ ಕಾಣ್ಸಲ್ಲ, ಅದು ಗೊತ್ತಾಯ್ತು."

ಸೋಮವಾರ ಎರೆ ಅಂಗಡಿಯಲ್ಲಿ ಆರ್ಬಿ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಆ ಸಿಕಮೋರ್ ನಂದಲ್ಲ, ಊರಿಂದೂ ಅಲ್ಲ. ಡೋವಿ ಕ್ರಂಪ್ಟನ್ ಅವ್ರದ್ದು. ಅವ್ರು ಕರೀದೆ ಯಾವನಾದ್ರೂ ಆ ಕಡೆ ಎಸೆದ್ರೆ ನಾನು ಮಾತಾಡಿಸಲ್ಲ." ಯಾವ ಲೆಕ್ಕದಲ್ಲಪ್ಪ ಎಂದು ಅಂಗಡಿಯವನು ಕೇಳಿದ. ಆ ಹೆಂಗಸು ಮೂರು ವಾರ ಕೂತು ಆ ಮರ ನೋಡಿದ್ದಾಳೆ, ನಮ್ಮಲ್ಲಿ ಯಾರೂ ಒಂದು ನಿಮಿಷ ನೋಡಿಲ್ಲ, ಆ ಲೆಕ್ಕದಲ್ಲಿ ಎಂದ ಆರ್ಬಿ. ಕೊಲ್ಲಿಗೆ ದೋಣಿ ಬರುವುದು ನಿಂತಿತು.

ಮೇ ತಿಂಗಳ ಮೊದಲ ವಾರ ಹೊಗೆ ಚದುರಿತು. ಗಂಡು ಮೀನು ಸೊರಗಿ, ಬಾಲದ ಅಂಚು ಹರಿದುಕೊಂಡು, ಒಂದು ದಿನ ಆಳಕ್ಕೆ ಹೊರಟುಹೋಯಿತು. ಡೋವಿ ಆರ್ಬಿಗೆ ಫೋನು ಮಾಡಿ ಅದನ್ನು ತಿಳಿಸಿದಳು. ಹಾಸ್ಕೆಲ್ ಮತ್ತೆ ಲಾರಿ ತಂದು, ಮರವನ್ನು ಕಟ್ಟೆಯಿಂದ ಹದಿನೈದಡಿ ಆಚೆಗೆ ಸರಿಸಿ, ದಡದ ಇನ್ನೊಂದು ಮರದ ಬೇರಿಗೆ ಸರಪಳಿ ಹಾಕಿದ. ಮೊಮ್ಮಕ್ಕಳು ಹಾರುವುದಕ್ಕೆ ಜಾಗವಾಯಿತು. ಆರ್ಬಿ ಎರಡು ಕಂಬ ಬದಲಿಸಲು ಬಂದವನು, ಮೂರನೆಯದೂ ಸಡಿಲವಾಗಿದೆ ಎಂದು ಕಂಡುಹಿಡಿದ. ಮರುದಿನ ನಾಲ್ಕನೆಯದು. ಅಷ್ಟು ಕಂಬ ಆ ಕಟ್ಟೆಗೆ ಇತ್ತೇ ಎಂದು ನನಗೆ ಅನುಮಾನ.

ಕಂಬ ಬದಲಿಸುತ್ತ ಆರ್ಬಿ ಅವಳಿಗೆ ವೆಸ್ಟಾ ನೆನೆದು ನಕ್ಕ ಕತೆ ಹೇಳಿದ್ದ. ಕೆಲಸ ಮುಗಿದ ದಿನ ಬೆಳಿಗ್ಗೆ ಅವಳು ಕಾಫಿ ಫ್ಲಾಸ್ಕು ಹಿಡಿದು ಬಂದು, ದೋಣಿಯ ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ಮೂರೂವರೆ ವರ್ಷದಿಂದ ಖಾಲಿ ಇದ್ದ ಸೀಟು.

"ಅದು..." ಎಂದ ಆರ್ಬಿ.

"ಗೊತ್ತು, ಯಾರದು ಅಂತ. ನಾನು ಅವ್ರ ಥರ ಅಲ್ಲ, ನೆನೆಸಿದ್ರೆ ಬೈತೀನಿ. ನೀವು ಹಿಂದೆ ಕೂತು ಮೋಟಾರು ನೋಡ್ಕೊಳ್ಳಿ. ಎಲ್ಲಿಗೆ ಎಸೀಬೇಕು ಅಂತ ನಾನು ಹೇಳ್ತೀನಿ."

ಅವನು ಹಿಂದೆ ಕೂತ. ಆ ದಿನ ಎಷ್ಟು ಸಿಕ್ಕಿತು ಎಂದು ಕೇಳಿದರೆ ಅವನು ಮೂರು ಅನ್ನುತ್ತಾನೆ, ಅವಳು ಐದು ಅನ್ನುತ್ತಾಳೆ, ಮೂರು ಅಂದರೆ ಅವನ ಕಣ್ಣಿಗೆ ಬಿದ್ದದ್ದು ಮಾತ್ರವಂತೆ.

ಇಷ್ಟೇ. ನನ್ನ ಗಂಟಲು ಒಣಗಿದೆ, ಚಹಾಕ್ಕೆ ಹಾಕಿದ ಐಸು ಕರಗಿ ನೀರಾಗಿದೆ. ನಿಮ್ಮ ನೀರಿನಲ್ಲಿ ಯಾರಾದರೂ ಏಪ್ರಿಲಿನಲ್ಲಿ ಬಿದ್ದ ಮರ ಎಳೆಸಲು ಲಾರಿ ಕರೆಸಿದ್ದರೆ, ಲಾರಿ ಬರುವ ಮೊದಲೇ ಇದನ್ನು ಅವರಿಗೆ ಕಳಿಸಿಬಿಡಿ. ಕೇಳುವಷ್ಟು ಹೊತ್ತಾದರೂ ಎಳೆಯುವುದು ತಡವಾಗಲಿ.